ಅತ್ತಿ ಎದ್ದು ನಡೆದ ಮಧ್ಯಾಹ್ನ

ಹೋದ ತಿಂಗಳು ಚಡಚಣದ ಹತ್ತಿರ ನಮ್ಮ ಬೀಗರ ತೋಟದ ಮನೆಗೆ ಹೋಗಿದ್ದೆ. ದ್ರಾಕ್ಷಿ ಪಡದ ನಡುವೆ ಹೊಸದಾಗಿ ಕಟ್ಟಿಸಿದ ಮನೆ. ಒಳಗೆಲ್ಲ ಮುಖ ಕಾಣುವಂಥ ನುಣುಪು ಕಲ್ಲು. ಆದರೆ ಹಿಂಬದಿಯಲ್ಲಿ ದನ ಕಟ್ಟುವಲ್ಲಿ ಹಳೆಯ ಮಣ್ಣಿನ ಪಡಸಾಲೆಯನ್ನು ಹಾಗೇ ಉಳಿಸಿಕೊಂಡಿದ್ದರು. ಆ ಮನೆಯ ಸೊಸೆ ಬೆಳಿಗ್ಗೆಯೇ ಅದನ್ನು ಸಗಣಿ ಹಾಕಿ ಸಾರಿಸಿದ್ದಳು. ಬಾಗಿಲು ದಾಟುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು... ಹಸಿ ಸಗಣಿ, ಹಸಿ ಮಣ್ಣು, ಇನ್ನೂ ಆರದ ನೆಲದ ತಂಪು. ನನಗೇ ಗೊತ್ತಿಲ್ಲದೆ ಬಾಯಿಂದ ಮಾತು ಹಾರಿತು.

"ಅತ್ತೀ, ನಿಂದರ್ರಿ! ನೆಲಾ ಹಸಿ ಐತಿ!"

ನನ್ನ ಮುಂದೆ ಯಾರೂ ಇರಲಿಲ್ಲ. ಹಿಂದೆ ಬರುತ್ತಿದ್ದ ಬೀಗತಿ ನಕ್ಕು, "ಯಾರನ್ನ ತಡದ್ರಿ?" ಎಂದು ಕೇಳಿದರು. ನಾನೂ ನಕ್ಕುಬಿಟ್ಟೆ. ಎಪ್ಪತ್ತು ದಾಟಿದ ಹೆಂಗಸು ನಾನು. ಈಗ ನನ್ನನ್ನೇ ಅತ್ತಿ ಎಂದು ಕರೆಯುವವರಿದ್ದಾರೆ. ಆದರೆ ಆ ಗಳಿಗೆಯಲ್ಲಿ ನಾನು ಹೊಸ ಸೊಸೆಯಾಗಿದ್ದೆ. ಕೈ ಮುಂದೆ ಚಾಚಿತ್ತು, ಯಾರದೋ ರಟ್ಟೆ ಹಿಡಿಯುವುದಕ್ಕೆ.

ನಾನು ಹುಟ್ಟಿ ಬೆಳೆದದ್ದು ಬಸವನ ಬಾಗೇವಾಡಿಯಲ್ಲಿ. ಅಪ್ಪನದು ಅರಿವೆ ಅಂಗಡಿ. ದನವೆಂದರೆ ಪೇಟೆಯಲ್ಲಿ ಎದುರು ಬಂದಾಗ ಸರಿದು ದಾರಿ ಬಿಡಬೇಕಾದ ಪ್ರಾಣಿ, ಅಷ್ಟೇ ನನ್ನ ತಿಳಿವಳಿಕೆ. ಅಂಥವಳನ್ನು ಎಪ್ಪತ್ತರ ದಶಕದಲ್ಲಿ ಭೀಮಾ ನದಿ ದಂಡೆಯ ಅಗರಖೇಡಕ್ಕೆ, ಹೊಲ ಎತ್ತು ಎಮ್ಮೆಗಳ ಮನೆಗೆ ಕೊಟ್ಟರು. ಮನೆಯಲ್ಲಿ ಅತ್ತಿ, ಮಾವ, ನಮ್ಮ ಮನೆಯವರು ಮತ್ತು ನಾನು. ನಾವಷ್ಟೇ ಜನ.

ಅತ್ತಿಯೆಂದರೆ ನನಗೆ ಮೊದಲು ನೆನಪಾಗುವುದು ಅವರ ನಡಿಗೆ. ಎತ್ತರದ ಆಳು. ಕಾಲು ಬೀಸಿ ನಡೆದರೆಂದರೆ ಇಳಕಲ್ಲ ಸೀರೆಯ ನೆರಿಗೆ ಮುಂದಕ್ಕೆ ಚಿಮ್ಮುತ್ತಿತ್ತು, ಕಾಲುಂಗುರ ಓಣಿಯ ಕಲ್ಲಿಗೆ ಬಡಿದು ಟಕಟಕ ಎನ್ನುತ್ತಿತ್ತು. ತಲೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟುಕೊಂಡು, ಅದಕ್ಕೆ ಕೈ ಸಹ ಹಚ್ಚದೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಮಾತು ಒಗೆಯುತ್ತ ಹೊಲಕ್ಕೆ ಹೋಗುತ್ತಿದ್ದರು. ಮೊದಲ ಸಲ ಅವರ ಹಿಂದೆ ಹೊರಟಾಗ ನಾನು ಅರ್ಧ ದಾರಿಯಲ್ಲೇ ಹಿಂದೆ ಬಿದ್ದೆ. ಏದುಸಿರು ಬಿಡುತ್ತ ಹೊಲ ಮುಟ್ಟುವಷ್ಟರಲ್ಲಿ ಅವರು ಬುತ್ತಿ ಇಳಿಸಿ, ಬೇವಿನ ಗಿಡದ ಬುಡಕ್ಕೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವಾ, ಬಾಗೇವಾಡ್ಯಾಗ ನಿಮ್ಮವ್ವ ನಡಿಯೂದು ಕಲಸಿಲ್ಲೇನು?" ಎಂದರು. ಆಮೇಲೆ ತಾವೇ ನಕ್ಕು ತಮ್ಮ ತಂಬಿಗೆಯ ನೀರು ಕೊಟ್ಟರು.

ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿ ಚಂದ್ರಿಯ ಮೇಲೆ. ಚಂದ್ರಿ ನಮ್ಮ ಮನೆಯ ಎಮ್ಮೆ. ಕರಿ ಬಂಡೆಯಂಥ ಮೈ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಅತ್ತಿಯನ್ನು ಬಿಟ್ಟು ಬೇರೆ ಯಾರೂ ಕೆಚ್ಚಲಿಗೆ ಕೈ ಹಚ್ಚುವಂತಿರಲಿಲ್ಲ. ಮಾವ ಹತ್ತಿರ ಹೋದರೂ ಬುಸ್ ಎನ್ನುತ್ತಿತ್ತು. ನನ್ನನ್ನಂತೂ ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲ ಕಡೆಯಿಂದ ಧಪ್ಪನೆ ಸಪ್ಪಳ ಬಂತು. ಓಡಿ ಹೋದರೆ ಅತ್ತಿ ಹಾಸುಗಲ್ಲಿನ ಮೇಲೆ ಅಡ್ಡಬಿದ್ದಿದ್ದರು, ತಂಬಿಗೆ ದೂರ ಉರುಳಿತ್ತು. "ಏನೂ ಆಗಿಲ್ಲ, ಎಬ್ಬಸು ಅಷ್ಟ" ಎಂದರು. ಆದರೆ ಬಲಗಾಲಿನ ಪಾದ ಹೊರಗಡೆಗೆ ತಿರುಗಿಬಿಟ್ಟಿತ್ತು. ನೋಡಿದ ಕೂಡಲೇ ನಾನು ಮಾವನನ್ನು ಕೂಗುತ್ತ ಹೊರಗೆ ಓಡಿದೆ.

ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಮಲಗಿಸಿದೆವು. ಅಲ್ಲಿಂದ ಇಂಡಿ ರೋಡ್ ಸ್ಟೇಷನ್ನು, ಅಲ್ಲಿಂದ ಕಲ್ಲಿದ್ದಲ ರೈಲುಗಾಡಿಯಲ್ಲಿ ಸೊಲ್ಲಾಪುರ. ಚಕ್ಕಡಿ ಕುಲುಕಿದಾಗೊಮ್ಮೆ ಅತ್ತಿ ನನ್ನ ಮುಂಗೈ ಹಿಂಡುತ್ತಿದ್ದರು. ಅಳಲಿಲ್ಲ. ದವಾಖಾನೆಯಲ್ಲಿ ತೊಡೆಯ ಎಲುಬು ಮೇಲ್ಗಡೆ ಮುರಿದಿದೆ ಎಂದು ಹೇಳಿ ಆಪರೇಷನ್ ಮಾಡಿ ಕಬ್ಬಿಣದ ಸಳಿ ಕೂಡಿಸಿದರು. ಆಮೇಲೆ ಎಷ್ಟೋ ದಿನ ನಾನು ಅವರ ಮಂಚದ ಕೆಳಗೇ ಚಾಪೆ ಹಾಕಿಕೊಂಡು ಇದ್ದೆ. ಅವರ ತಲೆ ಬಾಚಿದೆ, ಮೈ ಒರೆಸಿದೆ, ಅನ್ನ ಉಣಿಸಿದೆ. ಊರಲ್ಲಿ ಚಂದ್ರಿ ಏನು ತಿನ್ನುತ್ತಿದೆಯೋ ಎಂಬುದೊಂದೇ ಅವರ ಚಿಂತೆ. ಆಗ ಅದಕ್ಕೆ ಗಬ್ಬ ತುಂಬಿತ್ತು.

ಮನೆಗೆ ಹೋಗಬಹುದು ಎಂದು ಹೇಳಿದ ದಿನ ನಮಗೆಲ್ಲ ಹಬ್ಬ! ಮಾವ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಡಾಕ್ಟರು ಕನ್ನಡ ಮರಾಠಿ ಎರಡನ್ನೂ ಕಲೆಸಿ ಮಾತಾಡುವ ಮನುಷ್ಯ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. "ಆಯೀನ್ನ ದಿನಾ ನಡಸ್ರಿ. ಸ್ವಲ್ಪ ಸ್ವಲ್ಪ, ಖರೆ ದಿನಾ. ಮತ್ತ ಒಂದ ಮಾತ, ಬೀಳಾಕ ಬಿಡಬ್ಯಾಡ್ರಿ. ಇನ್ನೊಮ್ಮೆ ಬಿದ್ರ ಭಾಳ ತ್ರಾಸ ಆಕ್ಕೈತಿ."

ಬೀಳಲು ಬಿಡಬೇಡಿ ಎಂಬ ಮಾತು ಒಂದೇ ನಮ್ಮ ಮೂವರ ತಲೆಯೊಳಗೆ ಹೊಕ್ಕು ಕೂತಿತು. ನಡೆಸಿ ಎಂದದ್ದನ್ನು ಕೇಳಿಸಿಕೊಂಡವರು ಅತ್ತಿ ಒಬ್ಬರೇ.

ಹೆದರಿಕೆಗೆ ಕಾರಣವೂ ಇತ್ತು. ಹಿಂದಿನ ಓಣಿಯ ಹಿರಿಯರೊಬ್ಬರು ಅದರ ಹಿಂದಿನ ವರ್ಷ ಇಂಥದೇ ಆಪರೇಷನ್ ಮಾಡಿಸಿಕೊಂಡು ಬಂದು, ಮನೆಯ ಹೊಸ್ತಿಲಲ್ಲೇ ಎಡವಿ ಬಿದ್ದಿದ್ದರು. ಮತ್ತೆ ಏಳಲಿಲ್ಲ. ಆ ಮನೆಯ ಸೊಸೆಯನ್ನು ಊರು ಹೇಗೆ ಆಡಿಕೊಂಡಿತೆಂದು ನಾನು ಬಂದ ಹೊಸದರಲ್ಲೇ ನನ್ನ ಕಿವಿಗೆ ಬಿದ್ದಿತ್ತು. "ಸೊಸಿ ಲಕ್ಷ್ಯ ಇಡಲಿಲ್ಲ" ಎಂಬ ಮಾತು. ನಾನು ಕಾಲಿಟ್ಟ ವರ್ಷವೇ ಅತ್ತಿ ಹಾಸಿಗೆ ಹಿಡಿದಿದ್ದರು. ಇನ್ನೊಮ್ಮೆ ಬಿದ್ದರೆ ಜನರ ನಾಲಿಗೆಗೆ ನಾನೇ ಬುತ್ತಿ. ಅದಕ್ಕಿಂತ ಹೆಚ್ಚಾಗಿ, ಆ ತಿರುಗಿದ ಪಾದವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಕಾವಲು ಶುರುವಾಯಿತು. ಈಗ ನೆನೆದರೆ ನಗು ಬರುತ್ತದೆ, ಆಗ ನಾವು ನಗುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಮನೆಯವರು ಪಡಸಾಲೆಯ ತುಂಬ ಗೋಣಿತಟ್ಟು ಹಾಸಿದರು, ಜಾರಬಾರದೆಂದು. ಮರುದಿನ ಅದೇ ತಟ್ಟಿನ ಅಂಚಿಗೆ ನಾನು ಎಡವಿದೆ. ಎಲ್ಲ ತೆಗೆದರು. ಮಾವ ಹೊಸ್ತಿಲಿಗೆ ಮಣ್ಣು ಮೆತ್ತಿ ಇಳಿಜಾರು ಮಾಡಿದರು, ಅದು ಮಳೆಯ ಎರಚಲಿಗೆ ನೆನೆದು ಹೊಸ್ತಿಲಿಗಿಂತ ಅಪಾಯವಾಯಿತು. ಅದನ್ನೂ ಕೆರೆದು ತೆಗೆದರು. ಕೋಳಿಗಳನ್ನು ಕಾಲಿಗೆ ಅಡ್ಡ ಬರುತ್ತವೆಂದು ಅತ್ತಿಯ ತಂಗಿಯ ಮನೆಗೆ ಕಳಿಸಿದರು. ನೆಲ ಸಾರಿಸುವುದಂತೂ ಬಂದ್. ಅಮಾವಾಸ್ಯೆ ಬಂದರೂ ಸಾರಿಸಲಿಲ್ಲ. ನಾವು ಕಾಕು ಎಂದು ಕರೆಯುವ ನೆರೆಮನೆಯ ಹೆಂಗಸು ಇಣುಕಿ ನೋಡಿ, "ಏನವಾ, ಅಮಾಸಿ ದಿನಾನೂ ನೆಲಾ ಬಿಕೋ ಅನ್ನಾಕತ್ತೈತಿ?" ಎಂದು ಮೂತಿ ತಿರುಗಿಸಿದರು. ಅನ್ನಲಿ ಎಂದುಕೊಂಡೆ. ಹಸಿ ನೆಲವೆಂದರೆ ನನಗೆ ಆಗ ಹಾವು ಕಂಡಂತೆ.

ಅತ್ತಿ ಮಲಗುವ ಹೊರಸಿನ ಕಾಲಿಗೆ ಮಾವ ಎತ್ತಿನ ಕೊರಳ ಗಂಟೆಯೊಂದನ್ನು ಕಟ್ಟಿದರು. ಅತ್ತಿ ಅಲುಗಾಡಿದರೆ ನಮಗೆ ಗೊತ್ತಾಗಬೇಕಲ್ಲ! ಮೊದಮೊದಲು ಅತ್ತಿ ಅದನ್ನು ಬೇಕೆಂದೇ ಬಾರಿಸುತ್ತಿದ್ದರು. ಗಣಗಣ ಎಂದೊಡನೆ ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದರೆ, "ಏನಿಲ್ಲ, ನೀ ಎಚ್ಚರ ಅದಿಯೋ ಇಲ್ಲೋ ನೋಡಿದೆ" ಎನ್ನುವರು.

ಒಂದು ದಿನ ಅಡುಗೆಮನೆಯ ಗೋಡೆಯ ಮಾಡದಿಂದ ಬೆಕ್ಕು ಹಿತ್ತಾಳೆ ಕೊಡ ಕೆಡವಿತು. ಢಣ್ ಎಂದ ಸಪ್ಪಳ ಕೇಳಿದ್ದೇ ತಡ, ನಾನು ಹಿತ್ತಲಿಂದ, ನಮ್ಮ ಮನೆಯವರು ಕಟ್ಟೆಯ ಮೇಲಿಂದ, ಮಾವ ದನದ ಕಡೆಯಿಂದ, ಮೂವರೂ "ಬಿದ್ರು! ಬಿದ್ರು!" ಎಂದು ಒದರುತ್ತ ಪಡಸಾಲೆಗೆ ನುಗ್ಗಿದೆವು. ನಡುವೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಮಾವ ಕುಂಡೆಯೂರಿ ಬಿದ್ದರು. ಅತ್ತಿ ಹೊರಸಿನ ಮೇಲೆ ಆರಾಮಾಗಿ ಕೂತು ಶೇಂಗಾ ಒಡೆಯುತ್ತಿದ್ದರು. ಗಂಡನನ್ನು ನೋಡಿ, "ಸೊಲ್ಲಾಪುರಕ್ಕ ಈಗ ನಿಮ್ಮನ್ನ ಒಯ್ಯೂದೇನ್ರಿ?" ಎಂದರು. ಅಷ್ಟು ದಿನಗಳಲ್ಲಿ ನಮ್ಮ ಮನೆಯಲ್ಲಿ ಬಿದ್ದವರೆಂದರೆ ಮಾವ ಒಬ್ಬರೇ.

ಆದರೆ ನಗೆ ಹೆಚ್ಚು ದಿನ ಬಾಳಲಿಲ್ಲ. ಶುರುವಿನಲ್ಲಿ ಅತ್ತಿ ದಿನವೂ "ನಡಸ್ರಿ ಅಂದಾರ, ಎಬ್ಬಸ್ರಿ ನನ್ನ" ಎಂದು ಜಗಳ ತೆಗೆಯುತ್ತಿದ್ದರು. ಮಾವ "ನಾಳಿ, ನಾಳಿ" ಎನ್ನುತ್ತಿದ್ದರು. ನಾನು "ಇವತ್ತ ಮಳಿ ಐತ್ರಿ" ಎನ್ನುತ್ತಿದ್ದೆ. ನಮ್ಮ ಮನೆಯವರು ಎರಡೂ ಕೈಯಲ್ಲಿ ಎತ್ತಿಕೊಂಡೇ ಬಚ್ಚಲಿಗೆ ಕೂಡಿಸಿ ಬರುತ್ತಿದ್ದರು. ಹೀಗೇ ದಿನ ಕಳೆದಂತೆ ಅವರ ಜಗಳ ಕಡಿಮೆಯಾಯಿತು. ಗಂಟೆಯೂ ಸುಮ್ಮನಾಯಿತು. ದವಾಖಾನೆಯಿಂದ ತಂದ ಕೋಲು ಮೂಲೆಯಲ್ಲಿ ಜೇಡರ ಬಲೆ ಕಟ್ಟಿಸಿಕೊಂಡಿತು. ಶ್ರಾವಣ ಮುಗಿದು, ಗಣಪತಿ ಹಬ್ಬವೂ ಮುಗಿದ ಮೇಲೆ ಒಂದು ಬೆಳಿಗ್ಗೆ ನನಗೇ ಏನೋ ಅನ್ನಿಸಿ, "ಬರ್ರಿ ಅತ್ತೀ, ಬಾಗಲ ತನಕ ಹೋಗಿ ಬರೂಣು" ಎಂದು ರಟ್ಟೆಗೆ ಕೈ ಕೊಟ್ಟೆ.

ಅತ್ತಿ ಎರಡೂ ಕೈಯಿಂದ ನನ್ನ ತೋಳು ಗಟ್ಟಿಯಾಗಿ ಹಿಡಿದರು.

"ಬ್ಯಾಡವಾ. ಬೀಳ್ತೇನಿ ನಾ."

ಅಷ್ಟು ಸಣ್ಣ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಹೆದರಿಕೆಯನ್ನೆಲ್ಲ ದಿನಾ ಸ್ವಲ್ಪ ಸ್ವಲ್ಪ ಅವರಿಗೆ ಉಣಿಸಿದ್ದೆವು. ಅದು ಈಗ ಅವರ ಮೈಗೆ ಹತ್ತಿತ್ತು. ನಾನು ಅವರನ್ನು ಮತ್ತೆ ಮಲಗಿಸಿ, ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಈ ಹೆಂಗಸು ಇನ್ನು ಏಳುವುದಿಲ್ಲ ಎಂದು ಅವತ್ತು ನಾನು ಖಚಿತವಾಗಿ ನಂಬಿದೆ.

ಮಹಾನವಮಿಗೆ ಇನ್ನೂ ಸ್ವಲ್ಪ ದಿನವಿತ್ತು. ಹದವಾದ ಮಳೆ ಬಿದ್ದು ಜೋಳದ ಬಿತ್ತಿಗೆ ಊರಿಗೆ ಊರೇ ಹೊಲಕ್ಕಿಳಿದಿತ್ತು. ಹಸಿ ಆರುವುದರೊಳಗೆ ಬಿತ್ತಬೇಕು, ಒಬ್ಬರಿಗೂ ಉಸಿರಾಡಲು ಪುರಸತ್ತಿಲ್ಲ. ನೆರೆಮನೆಯ ಕಾಕು ಸಹ ಬೀಜ ಹಾಕಲು ಹೋಗಿದ್ದರು. ಓಣಿಯಲ್ಲಿ ಉಳಿದವರು ಅತ್ತಿ, ನಾನು ಮತ್ತು ಚಂದ್ರಿ.

ಮಧ್ಯಾಹ್ನ ಚಂದ್ರಿ ಒದರಿತು. ಹಸಿವಿನ ಕೂಗಲ್ಲ, ಬೇರೆಯೇ ಕೂಗು. ಓಡಿ ಹೋಗಿ ನೋಡಿದೆ. ಎಮ್ಮೆ ಏಳುತ್ತದೆ, ಬೀಳುತ್ತದೆ, ಮೇವಿನ ಗೋದಲಿಗೆ ಮೈ ತಿಕ್ಕುತ್ತದೆ. ಬಾಲದ ಕೆಳಗೆ ಒಂದು ಸಣ್ಣ ಕಾಲು ಹೊರಗೆ ಬಂದಿದೆ. ಒಂದೇ ಕಾಲು! ನಾನು ಅಲ್ಲಿಂದ ಪಡಸಾಲೆಗೆ ಓಡಿದೆ.

"ಅತ್ತೀ, ಚಂದ್ರಿ ಈಯಾಕತ್ತೈತ್ರಿ! ಒಂದ ಕಾಲ ಬಂದೈತಿ!"

ಅತ್ತಿ ಮೊಣಕೈ ಊರಿ ಎದ್ದು ಕೂತರು. "ಒಂದ ಕಾಲ? ಮತ್ತೊಂದು?"

"ಇಲ್ರಿ."

"ಮೂತಿ ಕಾಣತೈತೇನು?"

ನಾನು ಮತ್ತೆ ಓಡಿದೆ. ನೋಡಿ ಬಂದೆ. "ಮೂಗ ಕಂಡಂಗಾಕ್ಕೈತ್ರಿ, ಮತ್ತ ಒಳಗ ಹೋಗತೈತಿ."

"ಅಯ್ಯ! ಮತ್ತೊಂದ ಕಾಲ ಒಳಗ ಮಡಚೈತಿ. ತಿಣುಕಿ ತಿಣುಕಿ ಎರಡೂ ಸಾಯ್ತಾವು. ಓಡು, ಯಾರನ್ನರ ಕರಿ!"

ಯಾರನ್ನು ಕರೆಯಲಿ? ಬಾಗಿಲಿಗೆ ಹೋಗಿ ಒದರಿದೆ. ಓಣಿಯಲ್ಲಿ ಒಂದು ನಾಯಿ ತಲೆ ಎತ್ತಿತು, ಅಷ್ಟೇ. ಹೊಲಕ್ಕೆ ಓಡೋಣವೆಂದರೆ ಅತ್ತಿಯನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಏನು ಮಾಡಲೂ ತೋಚದೆ ತಿರುಗಿದೆ.

ಅತ್ತಿ ಹೊರಸಿನಿಂದ ಕಾಲು ಕೆಳಗಿಳಿಸಿ ಕೂತಿದ್ದರು! ಗಂಟೆ ಗಣಗಣ ಹೊಡೆದುಕೊಳ್ಳುತ್ತಿತ್ತು.

"ಕೋಲ ಕೊಡು."

"ಅತ್ತೀ, ಬೀಳ್ತೀರಿ..."

"ಕೊಡತಿಯೋ ಇಲ್ಲೋ?"

ಕೋಲು ಕೊಟ್ಟೆ. ಒಂದು ಕೈ ಕೋಲಿನ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ನಾನು ಅವರ ಟೊಂಕಕ್ಕೆ ಸೆರಗು ಸುತ್ತಿ ಹಿಡಿದೆ. ಎದ್ದರು. ಒಮ್ಮೆ ತೂರಾಡಿದರು. ನಿಂತರು. ಬಲಗಾಲು ನೆಲಕ್ಕೆ ಸವರುತ್ತ ಮುಂದೆ ಬಂತು, ಎಡಗಾಲು ಅದರ ಹಿಂದೆ. ಪಡಸಾಲೆ ದಾಟಿದೆವು. ಹೊಸ್ತಿಲು ಬಂತು. ಅದನ್ನು ನೋಡಿ ಅತ್ತಿ ಗಕ್ಕನೆ ನಿಂತರು. ಹೆಗಲ ಮೇಲಿನ ಕೈ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವತ್ತಿನ ಅದೇ ಹಿಡಿತ. ಅಷ್ಟರಲ್ಲಿ ಚಂದ್ರಿ ಇನ್ನೊಮ್ಮೆ ಒದರಿತು. ಎಷ್ಟು ಜೋರಾಗಿ ಒದರಿತೆಂದರೆ ಗೋಡೆಯ ಮಣ್ಣು ಉದುರಬೇಕು!

"ಬಂದೆ, ಬಂದೆ, ತಡಿಯ" ಎಂದು ಅತ್ತಿ ಅದಕ್ಕಿಂತ ಜೋರಾಗಿ ಕೂಗಿ ಹೊಸ್ತಿಲು ದಾಟಿಬಿಟ್ಟರು.

ಕೊಟ್ಟಿಗೆಯ ನೆಲದ ಗತಿ ಕೇಳಬೇಡಿ. ಗಂಜಳ, ಸಗಣಿ, ಚಂದ್ರಿಯ ನೀರು ಒಡೆದು ಹರಿದದ್ದು... ಇಡೀ ಅಗರಖೇಡದಲ್ಲಿ ಅಷ್ಟು ಜಾರುವ ಜಾಗ ಇನ್ನೊಂದಿರಲಿಕ್ಕಿಲ್ಲ. ಅಂಥಲ್ಲಿ ಅತ್ತಿಯನ್ನು ನಿಲ್ಲಿಸಿಕೊಂಡು ನಾನು! ಕಂಬದ ಹತ್ತಿರ ಕರೆದೊಯ್ದೆ. ಅವರು ಕಂಬಕ್ಕೆ ಬೆನ್ನು ಕೊಟ್ಟು, ಚಂದ್ರಿಯ ಹೆಗಲಿಗೆ ಕೈ ಇಟ್ಟು ನಿಂತರು. ಕೈ ಇಟ್ಟದ್ದೇ ಎಮ್ಮೆಯ ಚಡಪಡಿಕೆ ಅರ್ಧ ಇಳಿಯಿತು.

"ನನಗ ಬಗ್ಗಾಕ ಬರೂದಿಲ್ಲ. ನೀನ ಮಾಡಬೇಕು" ಎಂದರು ಅತ್ತಿ.

"ನಾನ? ನನಗೇನ ಗೊತ್ತೈತ್ರಿ!"

"ನನಗ ಗೊತ್ತೈತಿ, ನಿನಗ ಕೈ ಐತಿ. ಕುಸುಬಿ ಎಣ್ಣಿ ತಗೊಂಡ ಬಾ. ಬಳಿ ತಗಿ."

ಮದುವೆಯ ಹಸಿರು ಬಳೆಗಳು. ಬಿಗಿಯಾಗಿದ್ದವು, ಬರಲಿಲ್ಲ. ನಾನು ಅನುಮಾನಿಸಿದೆ. ಅತ್ತಿ ಒದರಿದರು. "ಒಡಿ! ಬಳಿ ಮತ್ತ ಇಡಸ್ತೇನಿ ನಾ ನಿನಗ. ಕರಾ ಎಲ್ಲಿಂದ ತರಲಿ?"

ಬಲಗೈಯ ಬಳೆಗಳನ್ನು ಕಂಬಕ್ಕೆ ಬಡಿದು ಒಡೆದುಕೊಂಡೆ. ಚೂರುಗಳನ್ನು ಕಾಲಿನಿಂದ ದೂರ ಸರಿಸಿ, ಮೊಣಕೈವರೆಗೆ ಎಣ್ಣೆ ಸುರುವಿಕೊಂಡೆ. ಕಣ್ಣು ಮುಚ್ಚಿ ಕೈ ಒಳಗೆ ಹಾಕಿದೆ. ಆ ಬಿಸಿ, ಆ ಬಿಗಿತ... ಎಲುಬು ಹಿಂಡಿದಂತಾಗಿ ಕೂಗಿಕೊಂಡೆ.

"ಈಗ ಸುಮ್ಮ ಇರು, ಅದು ತಿಣುಕಾಕತ್ತೈತಿ. ಹಾಂ, ಬಿಡ್ತು. ಈಗ ಕರುವಿನ ಎದಿಗೆ ಅಂಗೈ ಹಚ್ಚಿ ಹಿಂದಕ ದೂಡು. ದೂಡು, ಹೆದರಬ್ಯಾಡ! ದೂಡಿದೇನು?"

"ದೂಡಿದೆ!"

"ಈಗ ಕೆಳಗ ಕೈ ಆಡಸು. ಮೊಳಕಾಲ ಸಿಗತೈತಿ."

ಸಿಕ್ಕಿತು! ಗಂಟಿನಂಥದೊಂದು ಬೆರಳಿಗೆ ತಾಗಿತು. ಅಲ್ಲಿಂದ ಕೆಳಗೆ ಜಾರಿದರೆ ಮೆತ್ತನೆಯ ಗೊರಸು. "ಗೊರಸ ಸಿಕ್ತ್ರಿ ಅತ್ತೀ!" ಎಂದು ನಾನು ಕಿರುಚಿದೆ.

"ಗೊರಸ ಮುಷ್ಟ್ಯಾಗ ಮುಚ್ಚಿ ಹಿಡಿ, ಒಳಗ ಕೊರಿಬಾರದು. ಹಂಗ ಮುಂದಕ ತಾ. ನಿಧಾನ. ನಿಧಾನವಾ ನನ್ನ ಬಂಗಾರಾ..."

ಬಂಗಾರ ಎಂದದ್ದು ನನಗೋ ಎಮ್ಮೆಗೋ ಈವರೆಗೂ ಗೊತ್ತಿಲ್ಲ. ಕಾಲು ಮಡಿಚಿಕೊಂಡದ್ದು ಬಿಚ್ಚಿತು, ಹೊರಗೆ ಬಂತು. ಈಗ ಎರಡು ಕಾಲು, ನಡುವೆ ಮೂಗು. ಚಂದ್ರಿ ತಿಣುಕಿದಾಗ ಎಳೆ ಎಂದರು, ಎಳೆದೆ. ಬಿಡು ಎಂದರು, ಬಿಟ್ಟೆ. ಮತ್ತೆ ಎಳೆದೆ. ಇದ್ದಕ್ಕಿದ್ದಂತೆ ಎಲ್ಲ ಸಡಿಲಾಗಿ, ಕರು ಬಿಸಿನೀರಿನ ಗಡಿಗೆ ಒಡೆದಂತೆ ನನ್ನ ಮೈಮೇಲೇ ಜಾರಿ ಬಿತ್ತು. ನಾನು ಹಿಂದಕ್ಕೆ ಉರುಳಿ ಸಗಣಿಯಲ್ಲಿ ಕೂತೆ, ತೊಡೆಯ ಮೇಲೆ ಕರು!

"ಮೂಗ ಒರಸು! ಬಾಯಾಗಿನ ಲೋಳಿ ತಗಿ!"

ಒರೆಸಿದೆ. ಅದು ಅಲುಗಾಡಲಿಲ್ಲ. ಹುಲ್ಲಿನಿಂದ ಎದೆ ತಿಕ್ಕಿದೆ. ಇಲ್ಲ. ಅತ್ತಿಯ ಉಸಿರೂ ನಿಂತಂತಿತ್ತು. "ಮೂಗಿನ್ಯಾಗ ಹುಲ್ಲಕಡ್ಡಿ ಆಡಸು" ಎಂದರು ಮೆಲ್ಲಗೆ. ಆಡಿಸಿದೆ... ಕರು ಸೀನಿತು! ಸೀನಿ, ತಲೆ ಕೊಡವಿ, ಕಿವಿ ಬಡಿಯಿತು. ನಾವಿಬ್ಬರೂ ಒಟ್ಟಿಗೇ ಕೂಗಿದೆವು. ಅತ್ತಿ ಕೋಲನ್ನು ಒಗೆದು, ಎರಡೂ ಕೈಯಿಂದ ಚಂದ್ರಿಯ ಕೊರಳು ತಬ್ಬಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಹರಿಯುತ್ತಿತ್ತು. "ನೋಡ, ಹೆಣ್ಣೋ ಗಂಡೋ ನೋಡ" ಎಂದರು. ಹೆಣ್ಣು!

ಆಗಲೇ ಮಾವ ಬೀಜದ ಚೀಲ ಒಯ್ಯಲೆಂದು ಮನೆಗೆ ಬಂದದ್ದು. ಪಡಸಾಲೆಯಲ್ಲಿ ಖಾಲಿ ಹೊರಸು ಕಂಡಿದೆ. "ಅಯ್ಯೋ ಬಿದ್ದಾಳೋ! ಎಲ್ಲಿ ಬಿದ್ದಾಳೋ!" ಎಂದು ಒದರಾಡುತ್ತ ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ಹುಡುಕಿ, ಕೊನೆಗೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಸೊಸೆ ತಲೆಯಿಂದ ಕಾಲವರೆಗೆ ರಕ್ತ, ಲೋಳೆ, ಎಣ್ಣೆ ಮೆತ್ತಿಕೊಂಡು ನೆಲದಲ್ಲಿ ಕೂತಿದ್ದಾಳೆ. ಹೆಂಡತಿ ಕೋಲೂ ಇಲ್ಲದೆ ನಿಂತಿದ್ದಾಳೆ. ಮಾವ ಕೈ ಮುಂದೆ ಚಾಚಿ, ಕೋಳಿ ಹಿಡಿಯುವವರಂತೆ ಹೆಜ್ಜೆ ಇಡುತ್ತ, "ಬೀಳ್ತಿ... ಏ, ಬೀಳ್ತಿ..." ಎನ್ನುತ್ತ ಬಂದರು.

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬಿದ್ರ ಎಬ್ಬಸಾಕ ನೀವು ಅದೀರಲ್ರಿ. ಹೆದರಿ ಹೆದರಿ ನನ್ನ ಜೀವಂತ ಹೂಳಬ್ಯಾಡ್ರಿ."

ಮಾವ ಅಲ್ಲೇ ನಿಂತರು. ಯಾವತ್ತೂ ಮಂದಿಯ ಮುಂದೆ ಹೆಂಡತಿಯ ಕೈ ಮುಟ್ಟಿದವರಲ್ಲ. ಅವತ್ತು ನನ್ನ ಮುಂದೆಯೇ ಹೋಗಿ ಕೈ ಹಿಡಿದರು. ಎತ್ತಿಕೊಂಡು ಹೋಗಲು ಬಗ್ಗಿದರು. ಅತ್ತಿ ತಲೆಯಲ್ಲಾಡಿಸಿದರು. ಕೊನೆಗೆ ಆ ಕಡೆ ಮಾವ, ಈ ಕಡೆ ಸಗಣಿ ಮೆತ್ತಿದ ನಾನು, ನಡುವೆ ಅತ್ತಿ. ಕೊಟ್ಟಿಗೆಯಿಂದ ಹಿತ್ತಲು ಬಳಸಿ, ಓಣಿಗೆ ಬಂದು, ಮುಂದಿನ ಬಾಗಿಲಿನಿಂದ ಒಳಗೆ ಹೋದೆವು. ಸುತ್ತು ದಾರಿ ಬೇಕೆಂದೇ ಹಿಡಿಸಿದ್ದರು ಅತ್ತಿ. ಹೊಲದಿಂದ ಬರುತ್ತಿದ್ದ ನೆರೆಮನೆಯ ಕಾಕು ನಮ್ಮ ಮೆರವಣಿಗೆ ನೋಡಿ ಬುಟ್ಟಿ ಇಳಿಸಿ ನಿಂತರು. "ಅಕ್ಕಾ, ಎದ್ದ್ಯಾ?" ಎಂದರು. ಅತ್ತಿ ಗತ್ತಿನಿಂದ, "ಗಿಣ್ಣಕ್ಕ ಪಾತೇಲಿ ಕಳಸ" ಎಂದರು.

ಸಂಜೆ ನಮ್ಮ ಮನೆಯವರು ಬಂದು ವಿಷಯ ಕೇಳಿ ಮೊದಲು ನನ್ನ ಮೇಲೆ ಸಿಟ್ಟಾದರು, ಆಮೇಲೆ ಕರುವನ್ನು ನೋಡಿ ಬಂದು ನನ್ನ ಬರಿದಾದ ಬಲಗೈ ಹಿಡಿದು ನೋಡಿದರು. ಗಂಟೆಯನ್ನು ಹೊರಸಿನಿಂದ ಬಿಚ್ಚಿದವರು ಅವರೇ. ಮುಂದಿನ ಸಂತೆಗೆ ಬಳೆಗಾರ ಬಂದಾಗ ಅತ್ತಿ ಕಟ್ಟೆಯ ಮೇಲೆ ಕೂತು, ನನ್ನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ತಾವೇ ಬಣ್ಣ ಆರಿಸಿದರು.

ಅವತ್ತಿನಿಂದ ನಮ್ಮ ಹೆದರಿಕೆ ಹೋಯಿತೇ? ಇಲ್ಲ. ಅಂಥ ಹೆದರಿಕೆ ಹೋಗುವುದಿಲ್ಲ. ಅತ್ತಿ ನೀರಿನ ತಂಬಿಗೆ ಎತ್ತಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಆದರೆ ನಾವು ಹೆದರುತ್ತಲೇ ಅವರ ಜೊತೆ ನಡೆಯಲು ಕಲಿತೆವು. ಮೊದಲು ಬಾಗಿಲವರೆಗೆ, ಆಮೇಲೆ ಓಣಿಯ ತುದಿಗೆ, ದೀಪಾವಳಿಯ ಹೊತ್ತಿಗೆ ಹನುಮಪ್ಪನ ಗುಡಿಯವರೆಗೆ. ನಾನು ಯಾವಾಗಲೂ ಅರ್ಧ ಹೆಜ್ಜೆ ಹಿಂದೆ. ದಾರಿಯುದ್ದಕ್ಕೂ ಅವರ ಮಾತು. ಯಾವ ಹೊಲ ಯಾರದು, ಯಾರ ಮನೆಗೆ ಯಾರು ಸಿಟ್ಟು, ತಾವು ಸೊಸೆಯಾಗಿ ಬಂದಾಗ ತಮ್ಮ ಅತ್ತಿ ಹೇಗೆ ಕಾಡಿದಳು... ಆ ದಾರಿಯಲ್ಲೇ ನಾನು ಅಗರಖೇಡದವಳಾದೆ.

ಒಮ್ಮೆ ಬಿದ್ದರೂ ಬಿದ್ದರು! ಸಂಕ್ರಾಂತಿಯ ಆಸುಪಾಸು, ಅಂಗಳದಲ್ಲಿ ಕರು ಗುದ್ದಿತು. ಅದೇ ಕರು, ಆಗಲೇ ಪುಂಡಾಗಿತ್ತು. ಅತ್ತಿ ಮಣ್ಣಿನ ಮೇಲೆ ಕೂತುಬಿಟ್ಟರು. ನಾನು ಕಿರುಚುವುದರೊಳಗೆ ಕೈ ಎತ್ತಿ ತಡೆದರು. ಮೊದಲು ಕಾಲು ಅಲುಗಿಸಿ ನೋಡಿಕೊಂಡರು. ಪಾದ ನೇರವಾಗಿತ್ತು. "ಹೂಂ, ಬಿದ್ದೆ. ಇನ್ನ ಎಬ್ಬಸು" ಎಂದರು. ಎಬ್ಬಿಸಿದೆ. ಇಬ್ಬರೂ ಯಾರಿಗೂ ಹೇಳಲಿಲ್ಲ.

ಸೊಲ್ಲಾಪುರದ ಡಾಕ್ಟರಿಗೆ ಮತ್ತೆ ತೋರಿಸಲು ಹೋದಾಗ ಅತ್ತಿ ದವಾಖಾನೆಯ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಕೋಲಿಲ್ಲದೆ ನಡೆದು ತೋರಿಸಿದರು. ಸ್ವಲ್ಪ ಕುಂಟು ಇತ್ತು. ಆದರೂ ಕಾಲುಂಗುರದ ಟಕಟಕ ನನ್ನ ಕಿವಿಗೆ ಬಿದ್ದಿತು. ಡಾಕ್ಟರು ಮಾವನ ಬೆನ್ನು ಚಪ್ಪರಿಸಿ, "ಛಲೋ ನಡಸೀರಿ ಆಯೀನ್ನ" ಎಂದರು. ಮಾವ ಮೀಸೆ ತಿರುವಿಕೊಂಡು, "ಹೌದ್ರಿ, ದಿನಾ ನಡಸ್ತೇವ್ರಿ" ಎಂದರು! ಅತ್ತಿ ನನ್ನ ಕಡೆ ನೋಡಿದರು. ಗಾಡಿಯಲ್ಲಿ ಇಂಡಿ ರೋಡ್ ಬರುವವರೆಗೆ ನಾವಿಬ್ಬರೂ ನಗುತ್ತಲೇ ಇದ್ದೆವು, ಯಾಕೆಂದು ಮಾವನಿಗೆ ತಿಳಿಯಲಿಲ್ಲ.

ಅದಾದ ಮೇಲೆ ಅತ್ತಿ ಎಷ್ಟೋ ವರ್ಷ ಬದುಕಿದರು. ನನ್ನ ಮಕ್ಕಳನ್ನು ಟೊಂಕದ ಮೇಲೆ ಹೊತ್ತು ತಿರುಗಿದರು. ಕೊನೆಗೆ ಒಂದು ಚಳಿಗಾಲದಲ್ಲಿ ಜ್ವರ ಬಂತು, ಎದೆಗೆ ಕಫ ಕಟ್ಟಿತು, ನಾಲ್ಕಾರು ದಿನಗಳಲ್ಲೇ ಹೋದರು. ಹೋಗುವ ಮುಂಚಿನ ದಿನವೂ ತಾವೇ ಎದ್ದು ಬಚ್ಚಲಿಗೆ ಹೋಗಿ ಬಂದಿದ್ದರು. ಬೀಳುವುದನ್ನೇ ಕಾಯುತ್ತಿದ್ದ ನಮಗೆ ಕೆಮ್ಮಿನ ಮೇಲೆ ಲಕ್ಷ್ಯವೇ ಹೋಗಿರಲಿಲ್ಲ... ಹೋಗಿದ್ದರೂ ಏನು ಮಾಡುತ್ತಿದ್ದೆವೋ. ಅವರ ಹಿಂದೆಯೇ ಮಾವ ಹೋದರು. ಇತ್ತೀಚೆಗೆ ನಮ್ಮ ಮನೆಯವರೂ ಹೋದರು.

ನಾನೀಗ ಇಂಡಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಗೋಡೆಯ ಮೇಲೆ ಅತ್ತಿಯ ಫೋಟೋ ಇದೆ, ಇರುವುದು ಅದೊಂದೇ. ಸ್ಟುಡಿಯೋದ ಕುರ್ಚಿಯಲ್ಲಿ, ಕೈ ಎರಡೂ ತೊಡೆಯ ಮೇಲಿಟ್ಟು, ಬಿಗಿದುಕೊಂಡು ಕೂತಿದ್ದಾರೆ. ಮೊಮ್ಮಕ್ಕಳಿಗೆ ಆ ಮುತ್ತಜ್ಜಿ ಎಂದರೆ ಕೂತಿರುವ ಹೆಂಗಸು. ಚಡಚಣದಿಂದ ಬಂದ ದಿನ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಕೇಳಿ ನಕ್ಕಳು, ಚಪ್ಪಾಳೆಯನ್ನೂ ತಟ್ಟಿದಳು. ಆಮೇಲೆ, "ಅವರು ಹೆಂಗ ನಡೀತಿದ್ರು, ಮಾಡಿ ತೋರಸು" ಎಂದಳು.

ಎದ್ದು ನಿಂತೆ. ಕಾಲು ಬೀಸಲು ನೋಡಿದೆ. ನನ್ನ ಮಂಡಿ ಹಿಡಿದುಕೊಂಡಿತು. ಇದಲ್ಲ, ಹೀಗಲ್ಲ ಎಂದು ಮತ್ತೆ ಕೂತೆ. ಆ ನಡಿಗೆಯನ್ನು ಕಣ್ಣಾರೆ ನೋಡಿ, ಹೌದು ಹಾಗೇ ಇತ್ತು ಎಂದು ಹೇಳುವವರು ನಮ್ಮ ಮನೆಯಲ್ಲಿ ಈಗ ಇನ್ಯಾರೂ ಉಳಿದಿಲ್ಲ.